ಅಪವಾದದೊಳಗಿನ ನಿಯಮ: ಕಾರ್ಲ್ ವರ್ನರ್‌ನ ಜೀವನ ಮತ್ತು ಒಂದು ಜರ್ಮಾನಿಕ್ ಕ್ರಿಯಾಪದ

1. ಪ್ರಸ್ತಾವನೆ

ವರ್ತಿಸು, ವರ್ತನೆ, ವರ್ತಮಾನ, ವೃತ್ತ, ವೃತ್ತಿ, ಆವೃತ್ತಿ ಎಂಬ ಪದಗಳು ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿವೆ. ಇವೆಲ್ಲವೂ ಸಂಸ್ಕೃತದ ‘ವೃತ್’ ಧಾತುವಿನಿಂದ ಬಂದವು. ತಿರುಗು, ಸುತ್ತು, ಇರು, ನಡೆ ಎಂಬಿವು ಆ ಧಾತುವಿನ ಅರ್ಥವಲಯಕ್ಕೆ ಸೇರುತ್ತವೆ. ಈ ಧಾತುವಿನೊಡನೆ ಹುಟ್ಟಿನ ಸಂಬಂಧವುಳ್ಳ ಕ್ರಿಯಾಪದವೊಂದು ಜರ್ಮಾನಿಕ್ ಭಾಷೆಗಳಲ್ಲಿಯೂ ಇದೆ. ಯಾವ ಶಾಸನದಲ್ಲಿಯೂ ಹಸ್ತಪ್ರತಿಯಲ್ಲಿಯೂ ದೊರೆಯದ ಅದರ ಪ್ರಾಚೀನ ರೂಪವನ್ನು ವಿದ್ವಾಂಸರು ‘*ವೆರ್ಥನಂ’ ಎಂದು ಪುನಾರಚಿಸಿದ್ದಾರೆ. ಇಲ್ಲಿಯ ‘ಥ’ಕಾರವನ್ನು ನಮ್ಮ ಮಹಾಪ್ರಾಣವೆಂದು ಓದದೆ, ಇಂಗ್ಲಿಷಿನ ‘ಥಿಂಕ್’ ಪದದ ಆದಿಯಲ್ಲಿರುವ ಅಘೋಷ ಸಂಘರ್ಷ ಧ್ವನಿಯೆಂದು ಓದಬೇಕು. ‘ಆಗು’ ಎಂಬುದು ಈ ಕ್ರಿಯಾಪದದ ಅರ್ಥ. ತಿರುಗುವುದು ಎಂಬ ಮೂಲಾರ್ಥದಿಂದ ಇನ್ನೊಂದು ಸ್ಥಿತಿಗೆ ತಿರುಗುವುದು, ಎಂದರೆ ಆಗುವುದು ಎಂಬ ಅರ್ಥ ಬೆಳೆದುಬಂದಿದೆ.

ಈ ಕ್ರಿಯಾಪದದ ರೂಪಗಳಲ್ಲಿ ಕಾಣುವ ಒಂದು ಸಣ್ಣ ವ್ಯತ್ಯಾಸ ಹತ್ತೊಂಬತ್ತನೆಯ ಶತಮಾನದ ದೊಡ್ಡ ವಿದ್ವಾಂಸರಿಗೂ ತೊಡಕಾಗಿತ್ತು. ಅದನ್ನು ಬಿಡಿಸಿದವನು ಡೆನ್ಮಾರ್ಕಿನ ಕಾರ್ಲ್ ವರ್ನರ್ (1846-1896). ನಮ್ಮ ಸ್ನಾತಕೋತ್ತರ ತರಗತಿಗಳ ಭಾಷಾವಿಜ್ಞಾನದ ಪಠ್ಯಗಳಲ್ಲಿ ಗ್ರಿಮ್ ನಿಯಮದ ಬೆನ್ನಿಗೆ ವರ್ನರ್ ನಿಯಮ ಒಂದೆರಡು ವಾಕ್ಯಗಳಲ್ಲಿ ಬಂದುಹೋಗುತ್ತದೆ. ನಿಯಮದ ಹಿಂದಿನ ಮನುಷ್ಯನ ಪರಿಚಯ ನಮಗೆ ಅಷ್ಟಾಗಿ ಇಲ್ಲ. ಆತನ ಜೀವನವನ್ನು ನಿರೂಪಿಸುತ್ತ, ಆ ಶೋಧವು ಜನಜನಿತ ಕಥೆ ಹೇಳುವಂತೆ ಆಕಸ್ಮಿಕವಾಗಿರಲಿಲ್ಲ, ಜೀವಂತ ಭಾಷೆಗಳನ್ನು ಕಿವಿಗೊಟ್ಟು ಕೇಳಿದ್ದರ ಫಲವಾಗಿತ್ತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಹುಟ್ಟು ಮತ್ತು ವಿದ್ಯಾಭ್ಯಾಸ

ಕಾರ್ಲ್ ವರ್ನರ್ 1846ರ ಮಾರ್ಚ್ 7ರಂದು ಡೆನ್ಮಾರ್ಕಿನ ಓರ್ಹುಸ್ ಪಟ್ಟಣದಲ್ಲಿ ಜನಿಸಿದನು. ತಂದೆ ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ ಬಂದವನು, ತಾಯಿ ಡೆನ್ಮಾರ್ಕಿನವಳು. 1864ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಅವನ ಉನ್ನತ ವ್ಯಾಸಂಗ ಆರಂಭವಾಯಿತು. ಅದೇ ವರ್ಷ ಪ್ರಷ್ಯಾ ಮತ್ತು ಆಸ್ಟ್ರಿಯಾಗಳೊಡನೆ ನಡೆದ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳನ್ನು ಕಳೆದುಕೊಂಡಿತು. ಜರ್ಮನ್ ತಂದೆಯ ಡೇನಿಷ್ ಮಗನೊಬ್ಬ ಇಂತಹ ವರ್ಷದಲ್ಲಿ ಕಲಿಯಲು ತೊಡಗಿ, ಮುಂದೆ ತನ್ನ ಮುಖ್ಯ ಲೇಖನವನ್ನು ಜರ್ಮನ್ ಭಾಷೆಯಲ್ಲಿಯೇ ಬರೆದು ಪ್ರಷ್ಯಾದ ಅಕಾಡೆಮಿಯಿಂದ ಗೌರವ ಪಡೆದನೆಂಬುದು ಗಮನಾರ್ಹ.

ಭಾಷೆಗಳ ಕಡೆಗೆ ಅವನ ಮನಸ್ಸು ಹರಿದದ್ದು ತನ್ನದೇ ನಾಡಿನ ರಾಸ್ಮುಸ್ ರಾಸ್ಕ್‌ನ (1787-1832) ಬರಹಗಳ ಓದಿನಿಂದ. ವಿಶ್ವವಿದ್ಯಾನಿಲಯದಲ್ಲಿ ಪೌರಸ್ತ್ಯ, ಜರ್ಮಾನಿಕ್ ಮತ್ತು ಸ್ಲಾವಿಕ್ ಭಾಷೆಗಳನ್ನು ಅವನು ಅಭ್ಯಾಸ ಮಾಡಿದನು. ನಡುವೆ ಸೈನಿಕ ಸೇವೆಗಾಗಿ ಓದು ನಿಂತಿತು. 1871ರ ಡಿಸೆಂಬರಿನಲ್ಲಿ ರಷ್ಯಾಕ್ಕೆ ತೆರಳಿ, ಅಲ್ಲಿಯ ಜನರ ನಡುವೆ ಸುಮಾರು ಒಂದು ವರ್ಷವಿದ್ದು ರಷ್ಯನ್ ಭಾಷೆಯನ್ನು ಕಲಿತನು. ಈ ಒಂದು ವರ್ಷದ ಮಹತ್ವವನ್ನು ಮುಂದೆ ನೋಡಲಿದ್ದೇವೆ. ಅವನ ಮೊದಲ ವಿದ್ವತ್ ಲೇಖನ 1874ರಲ್ಲಿ ಪ್ರಕಟವಾಯಿತು. ಅದರ ವಿಷಯ ರಾಸ್ಕ್‌ನಿಗೆ ಸಂಬಂಧಿಸಿದ್ದು.

3. ಹಿರಿಯರು ಬಿಟ್ಟುಹೋದ ತೊಡಕು

ರಾಸ್ಕ್ 1818ರಲ್ಲಿ ಪ್ರಕಟಿಸಿದ ತನ್ನ ಪ್ರಬಂಧದಲ್ಲಿ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ವ್ಯಂಜನಗಳಿಗೂ ಜರ್ಮಾನಿಕ್ ಭಾಷೆಗಳ ವ್ಯಂಜನಗಳಿಗೂ ಕ್ರಮಬದ್ಧವಾದ ಸಂವಾದವಿದೆಯೆಂದು ತೋರಿಸಿದ್ದನು. ಯಾಕೋಬ್ ಗ್ರಿಮ್ 1822ರಲ್ಲಿ ತನ್ನ ಜರ್ಮನ್ ವ್ಯಾಕರಣದ ಮೊದಲ ಸಂಪುಟವನ್ನು ಪರಿಷ್ಕರಿಸಿ ಹೊರತಂದಾಗ ಈ ಸಂವಾದವನ್ನು ಒಂದು ವ್ಯವಸ್ಥೆಯಾಗಿ ನಿರೂಪಿಸಿದನು. ಅದರಂತೆ ಮೂಲದ ಅಘೋಷ ಸ್ಪರ್ಶಗಳು ಜರ್ಮಾನಿಕ್‌ನಲ್ಲಿ ಅಘೋಷ ಸಂಘರ್ಷ ಧ್ವನಿಗಳಾಗುತ್ತವೆ: ‘ಪ’ಕಾರವು ‘ಫ್’ ಆಗುತ್ತದೆ, ‘ತ’ಕಾರವು ‘ಥ್’ ಆಗುತ್ತದೆ. ಸಂಸ್ಕೃತದ ‘ಭ್ರಾತರ್’ ಗಾಥಿಕ್ ಭಾಷೆಯಲ್ಲಿ ‘ಬ್ರೋಥರ್’ ಆಗಿರುವುದು ಇದಕ್ಕೆ ಒಳ್ಳೆಯ ನಿದರ್ಶನ.

ಆದರೆ ‘ಪಿತರ್’ ಎಂಬುದರ ಜೊತೆಗಾರ ಪದ ಗಾಥಿಕ್‌ನಲ್ಲಿ ‘ಫಥರ್’ ಆಗಿಲ್ಲ, ‘ಫದರ್’ ಆಗಿದೆ. ಇಂದಿನ ಇಂಗ್ಲಿಷಿನಲ್ಲಿ ತಂದೆ ಮತ್ತು ಸೋದರ ಎಂಬ ಎರಡೂ ಪದಗಳ ನಡುವೆ ಒಂದೇ ಧ್ವನಿ ಕೇಳುವುದು ತೀರ ಈಚಿನ ಬದಲಾವಣೆ. ಜರ್ಮನ್ ಭಾಷೆ ‘ಬ್ರೂದರ್’, ‘ಫಾತರ್’ ಎಂದು ಹಳೆಯ ಭೇದವನ್ನು ಇಂದಿಗೂ ಬೇರೊಂದು ರೂಪದಲ್ಲಿ ಉಳಿಸಿಕೊಂಡಿದೆ. ಇಬ್ಬರು ಬಂಧುಗಳ ಹೆಸರಿನ ನಡುವಿನ ಒಂದೇ ‘ತ’ಕಾರ ಎರಡು ದಾರಿ ಹಿಡಿದದ್ದೇಕೆ? ಗ್ರಿಮ್‌ನಿಗೆ ಇಂತಹ ಪದಗಳ ಅರಿವಿತ್ತು, ಕಾರಣ ತಿಳಿದಿರಲಿಲ್ಲ. 1862ರಲ್ಲಿ ಕಾರ್ಲ್ ಲಾಟ್ನರ್ ಇಂತಹ ಅಪವಾದಗಳನ್ನೆಲ್ಲ ಕಲೆಹಾಕಿ ವರ್ಗೀಕರಿಸಿದನು. ಮರುವರ್ಷ ಹರ್ಮನ್ ಗ್ರಾಸ್‌ಮನ್ ಒಂದು ವರ್ಗದ ಅಪವಾದಗಳಿಗೆ ಸಮಾಧಾನ ನೀಡಿದನು. ಉಳಿದದ್ದು ಹಾಗೆಯೇ ಉಳಿಯಿತು. ಧ್ವನಿನಿಯಮವೆಂದರೆ ಬಹುಮಟ್ಟಿಗೆ ಸರಿಹೊಂದುವ ಒಂದು ಪ್ರವೃತ್ತಿ, ಅದಕ್ಕೆ ಕೆಲವು ಪದಗಳು ಹೊರಗುಳಿಯುವುದು ಸಹಜ ಎಂಬ ಭಾವನೆಗೆ ವಿದ್ವಾಂಸರು ಒಗ್ಗಿಹೋಗಿದ್ದರು.

4. ಮಧ್ಯಾಹ್ನದ ಕಥೆ ಮತ್ತು ಕ್ರಿಯಾಪದದ ಸಾಕ್ಷ್ಯ

ವರ್ನರ್‌ನ ಶೋಧದ ಬಗೆಗೆ ಒಂದು ಕಥೆ ಪ್ರಚಲಿತವಾಗಿದೆ. ಓರ್ಹುಸ್‌ನಲ್ಲಿದ್ದಾಗ ಒಂದು ಮಧ್ಯಾಹ್ನ ಮೈ ಸರಿಯಿಲ್ಲದೆ ಮಲಗಲು ಹೊರಟ ಅವನು, ನಿದ್ದೆ ಬರಲೆಂದು ಫ್ರಾಂಟ್ಸ್ ಬಾಪ್‌ನ ತೌಲನಿಕ ವ್ಯಾಕರಣವನ್ನು ಕೈಗೆತ್ತಿಕೊಂಡನಂತೆ. ತೆರೆದ ಪುಟದಲ್ಲಿ ‘ಪಿತರ್’, ‘ಭ್ರಾತರ್’ ಎಂಬ ಎರಡು ಪದಗಳು ಕಣ್ಣಿಗೆ ಬಿದ್ದುವಂತೆ. ಒಂದರಲ್ಲಿ ಸ್ವರಾಘಾತ ಕೊನೆಯ ಅಕ್ಷರದ ಮೇಲಿದೆ, ಇನ್ನೊಂದರಲ್ಲಿ ಮೊದಲಕ್ಷರದ ಮೇಲಿದೆ. ಅಲ್ಲಿಗೆ ನಿದ್ದೆ ಹಾರಿತು, ಒಗಟು ಬಿಡಿಸಿಕೊಂಡಿತು ಎಂಬುದು ಕಥೆಯ ಸಾರ.

ಕಥೆ ಸ್ವಾರಸ್ಯವಾಗಿದೆ. ಆದರೆ ಇದನ್ನಷ್ಟೇ ನೆನೆದರೆ ಎರಡು ಅಂಶಗಳು ಮರೆಯಾಗುತ್ತವೆ. ಮೊದಲನೆಯದು, ಆ ಪುಟವನ್ನು ಹಲವು ವರ್ಷಗಳಿಂದ ಯುರೋಪಿನ ವಿದ್ವಾಂಸರೆಲ್ಲರೂ ಓದುತ್ತಿದ್ದರು. ಉದಾತ್ತ, ಅನುದಾತ್ತ, ಸ್ವರಿತಗಳನ್ನು ಪಾಣಿನಿಯೇ ವಿವರಿಸಿದ್ದನು. ಬೋಟ್ಲಿಂಕ್ 1843ರಲ್ಲಿ ಸಂಸ್ಕೃತದ ಸ್ವರಾಘಾತವನ್ನು ಕುರಿತು ಬರೆದಿದ್ದನು. ಬಾಪ್ ಸ್ವತಃ 1854ರಲ್ಲಿ ಸಂಸ್ಕೃತ ಮತ್ತು ಗ್ರೀಕ್ ಸ್ವರಾಘಾತಗಳನ್ನು ತೂಗಿನೋಡಿದ್ದನು. ಸಾಮಗ್ರಿ ಎಲ್ಲರ ಮುಂದೆಯೂ ಇತ್ತು. ಇತರರಿಗೆ ಕಾಣದ್ದು ವರ್ನರ್‌ನಿಗೆ ಕಂಡದ್ದೇಕೆಂದರೆ, ಅವನಿಗೆ ಸ್ವರಾಘಾತವೆಂಬುದು ಅಕ್ಷರದ ಮೇಲೆ ಹಾಕಿದ ಗೆರೆಯಾಗಿರಲಿಲ್ಲ, ಕಿವಿಯಲ್ಲಿ ಕೇಳಿದ ಸಂಗತಿಯಾಗಿತ್ತು. ರಷ್ಯನ್ ಭಾಷೆಯಲ್ಲಿ ಸ್ವರಾಘಾತ ಒಂದೇ ಪದದ ಬೇರೆ ಬೇರೆ ರೂಪಗಳಲ್ಲಿ ಸ್ಥಾನ ಬದಲಿಸುತ್ತದೆ, ಬದಲಿಸಿದಾಗ ಪಕ್ಕದ ಧ್ವನಿಗಳ ಉಚ್ಚಾರಣೆಯನ್ನೂ ಬದಲಿಸುತ್ತದೆ. ಒಂದು ವರ್ಷ ಆ ಮಾತಿನ ನಡುವೆ ಬಾಳಿದವನಿಗೆ ಇದು ಅನುಭವದ ವಿಷಯ. ತನ್ನ ತಾಯ್ನುಡಿಯಾದ ಡೇನಿಷ್‌ನ ಸ್ವರವಿಶೇಷಗಳನ್ನೂ, ಬಾಲ್ಟಿಕ್ ಕರಾವಳಿಯ ಕಶೂಬಿಯನ್ ಎಂಬ ಸ್ಲಾವಿಕ್ ಭಾಷೆಯ ಸ್ವರಾಘಾತವನ್ನೂ ಅವನು ಅಭ್ಯಾಸ ಮಾಡಿದವನು. ಹೀಗೆ ಸಿದ್ಧಗೊಂಡ ಕಿವಿಯಿಂದಾಗಿ ಕಣ್ಣು ಆ ಪುಟವನ್ನು ಹೊಸದಾಗಿ ಓದಿತು.

ಎರಡನೆಯ ಅಂಶ ಇನ್ನೂ ಮುಖ್ಯವಾದುದು. ಎರಡು ಬಂಧುವಾಚಕಗಳಿಂದ ಒಂದು ಊಹೆ ಹುಟ್ಟಬಹುದೇ ಹೊರತು ನಿಯಮ ಸಿದ್ಧವಾಗುವುದಿಲ್ಲ. ‘ಪಿತರ್’ ಮತ್ತು ‘ಭ್ರಾತರ್’ ಬೇರೆ ಬೇರೆ ಪದಗಳು. ಒಂದು ಪದವು ಇನ್ನೊಂದು ಉಪಭಾಷೆಯಿಂದ ಬಂದಿರಬಹುದು, ಒಂದರ ಮೇಲೆ ಮತ್ತೊಂದು ಪದದ ಪ್ರಭಾವವಾಗಿರಬಹುದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಈ ಆಕ್ಷೇಪಕ್ಕೆ ಎಡೆಯಿಲ್ಲದ ಸಾಕ್ಷ್ಯ ದೊರೆತದ್ದು ಕ್ರಿಯಾಪದಗಳಲ್ಲಿ. ನಾವು ಆರಂಭದಲ್ಲಿ ಹೇಳಿದ ‘*ವೆರ್ಥನಂ’ ಕ್ರಿಯಾಪದವನ್ನೇ ನೋಡಬಹುದು. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪ ‘ವೆಒರ್ಥನ್’, ಭೂತಕಾಲದ ಏಕವಚನ ‘ವೆಆರ್ಥ್’. ಆದರೆ ಭೂತಕಾಲದ ಬಹುವಚನ ‘ವುರ್ದೊನ್’, ಭೂತಕೃದಂತ ‘ವೊರ್ದೆನ್’. ಒಂದೇ ಕ್ರಿಯಾಪದ, ಒಂದೇ ಧಾತು, ಒಂದೇ ಉಪಭಾಷೆ. ಏಕವಚನದಲ್ಲಿ ‘ಥ್’, ಬಹುವಚನದಲ್ಲಿ ‘ದ್’.

ಇದರ ಪಕ್ಕದಲ್ಲಿ ವೈದಿಕ ರೂಪಗಳನ್ನು ಇಟ್ಟರೆ ಕಾರಣ ಸ್ಪಷ್ಟವಾಗುತ್ತದೆ. ‘ವರ್ತತೇ’ ಎಂಬಲ್ಲಿ ಉದಾತ್ತವು ‘ವ’ಕಾರದ ಮೇಲಿದೆ. ಪರೋಕ್ಷ ಭೂತದ ಏಕವಚನ ‘ವವರ್ತ’ದಲ್ಲಿಯೂ ಅದು ಧಾತುವಿನ ಮೇಲೆಯೇ, ಎಂದರೆ ‘ತ’ಕಾರದ ಹಿಂದಿನ ಅಕ್ಷರದ ಮೇಲೆ ಇದೆ. ಬಹುವಚನ ‘ವವೃತಿಮ’ದಲ್ಲಿ ಮಾತ್ರ ಉದಾತ್ತವು ಕೊನೆಯ ‘ಮ’ಕಾರಕ್ಕೆ ಜಾರಿದೆ. ಧಾತುವಿನ ಮೇಲೆ ಸ್ವರಾಘಾತವಿದ್ದಲ್ಲಿ ಜರ್ಮಾನಿಕ್‌ನ ಸಂಘರ್ಷ ಧ್ವನಿ ಅಘೋಷವಾಗಿಯೇ ಉಳಿಯಿತು. ಸ್ವರಾಘಾತ ಮುಂದಕ್ಕೆ ಸರಿದಲ್ಲಿ ಅದು ಘೋಷವಾಯಿತು. ಪದಾದಿಯಲ್ಲಿಲ್ಲದೆ ಘೋಷಧ್ವನಿಗಳ ನಡುವೆ ಬರುವ ಅಘೋಷ ಸಂಘರ್ಷ ಧ್ವನಿಯು, ತನ್ನ ಹಿಂದಿನ ಅಕ್ಷರದ ಮೇಲೆ ಮೂಲದಲ್ಲಿ ಸ್ವರಾಘಾತವಿಲ್ಲದಿದ್ದರೆ ಘೋಷವಾಗುತ್ತದೆ ಎಂಬುದೇ ವರ್ನರ್ ನಿಯಮ.

‘ಸ’ಕಾರಕ್ಕೂ ಈ ನಿಯಮ ಅನ್ವಯಿಸುತ್ತದೆ. ಅದು ಘೋಷವಾಗಿ ‘ಝ್’ ಆಗಿ, ಮುಂದೆ ಹಲವು ಜರ್ಮಾನಿಕ್ ಭಾಷೆಗಳಲ್ಲಿ ರೇಫವಾಯಿತು. ನಮ್ಮ ಮಕ್ಕಳು ಇಂಗ್ಲಿಷ್ ಪಾಠದಲ್ಲಿ ಬಾಯಿಪಾಠ ಮಾಡುವ ‘ವಾಸ್’ ಮತ್ತು ‘ವರ್’ ಎಂಬ ಏಕವಚನ ಬಹುವಚನಗಳ ಭೇದ ಹುಟ್ಟಿದ್ದು ಹೀಗೆ. ಆ ಕ್ರಿಯಾಪದ ಸಂಸ್ಕೃತದ ‘ವಸತಿ’ಯ ಬಂಧು. ವಾಸ, ನಿವಾಸ, ವಸತಿ ಎಂದು ಕನ್ನಡದಲ್ಲಿ ನಾವು ಬಳಸುವ ಪದಗಳೂ ಅದೇ ಮೂಲದವು.

ಈ ವಿವರಣೆಯಿಂದ ಮತ್ತೊಂದು ಐತಿಹಾಸಿಕ ಸತ್ಯ ಹೊರಬಿತ್ತು. ಜರ್ಮಾನಿಕ್ ಭಾಷೆಗಳಲ್ಲಿ ಸ್ವರಾಘಾತ ಸಾಮಾನ್ಯವಾಗಿ ಧಾತುವಿನ ಮೊದಲಕ್ಷರದ ಮೇಲೆ ಸ್ಥಿರವಾಗಿ ನಿಂತಿದೆ. ಆದರೆ ಗ್ರಿಮ್ ವಿವರಿಸಿದ ಪಲ್ಲಟ ನಡೆದ ಮೇಲೂ ಅಲ್ಲಿ ಚಲಿಸುವ ಪ್ರಾಚೀನ ಸ್ವರಾಘಾತ ಉಳಿದಿತ್ತೆಂದು ಈಗ ಸಿದ್ಧವಾಯಿತು. ಸ್ವರಾಘಾತ ಅಳಿದುಹೋಯಿತು, ಅದರ ಗುರುತು ವ್ಯಂಜನದಲ್ಲಿ ಉಳಿಯಿತು. ಆ ಗುರುತನ್ನು ಓದಲು ಬೇಕಾದ ಕೀಲಿಕೈ, ವೇದಪಾಠದ ಪರಂಪರೆ ತಲೆಮಾರುಗಳ ಕಾಲ ಜತನದಿಂದ ಕಾಪಾಡಿಕೊಂಡು ಬಂದ ಉದಾತ್ತದಲ್ಲಿತ್ತು.

5. ಲೇಖನದ ಪ್ರಕಟಣೆ ಮತ್ತು ಪರಿಣಾಮ

ವರ್ನರ್ ತನ್ನ ಶೋಧವನ್ನು ತಾನಾಗಿ ಪ್ರಕಟಿಸಲು ಆತುರಪಟ್ಟವನಲ್ಲ. 1875ರಲ್ಲಿ ಅದನ್ನು ಪತ್ರಮುಖೇನ ವಿಲ್ಹೆಲ್ಮ್ ಥಾಮ್ಸನ್‌ನಿಗೆ ತಿಳಿಸಿದನು. ಥಾಮ್ಸನ್‌ನ ಒತ್ತಾಯದಿಂದ ಲೇಖನ ಸಿದ್ಧವಾಯಿತು. ಆಡಾಲ್ಬರ್ಟ್ ಕೂನ್ ನಡೆಸುತ್ತಿದ್ದ ತೌಲನಿಕ ಭಾಷಾಧ್ಯಯನದ ಜರ್ಮನ್ ನಿಯತಕಾಲಿಕದ 23ನೆಯ ಸಂಪುಟದಲ್ಲಿ ಅದು ಅಚ್ಚಾಯಿತು. ಸಂಪುಟದ ಮುಖಪುಟದ ವರ್ಷ 1877. ಲೇಖನದ ವಿಸ್ತಾರ 30 ಪುಟಗಳಿಗಿಂತ ಸ್ವಲ್ಪ ಹೆಚ್ಚು. ಮೊದಲ ಧ್ವನಿಪಲ್ಲಟದ ಒಂದು ಅಪವಾದ ಎಂಬ ಅರ್ಥದ ಅದರ ಶೀರ್ಷಿಕೆಯಲ್ಲಿ ಯಾವ ಘೋಷಣೆಯೂ ಇಲ್ಲ.

ಪರಿಣಾಮ ಮಾತ್ರ ದೊಡ್ಡದಾಗಿತ್ತು. ಆ ಹೊತ್ತಿಗೆ ಲೈಪ್‌ಝಿಗ್ ನಗರದಲ್ಲಿ ಔಗುಸ್ಟ್ ಲೆಸ್ಕೀನ್ ಮತ್ತು ಅವನ ಕಿರಿಯ ಸಂಗಾತಿಗಳು ಧ್ವನಿನಿಯಮಗಳಿಗೆ ಅಪವಾದವಿಲ್ಲ ಎಂಬ ನಿಲುವಿನತ್ತ ಸಾಗುತ್ತಿದ್ದರು. ಅದುವರೆಗೆ ಅಪವಾದವೆಂದು ಬದಿಗೆ ಸರಿಸಿದ್ದ ಪದರಾಶಿಯೇ ಒಂದು ನಿಯಮಕ್ಕೆ ಬದ್ಧವಾಗಿದೆಯೆಂದು ವರ್ನರ್ ತೋರಿಸಿದ್ದು ಅವರಿಗೆ ಬಲವಾದ ಆಧಾರವಾಯಿತು. 1878ರಲ್ಲಿ ಆಸ್ಟ್‌ಹಾಫ್ ಮತ್ತು ಬ್ರುಗ್‌ಮನ್ ನವವೈಯಾಕರಣರ ತತ್ತ್ವವನ್ನು ಬಹಿರಂಗವಾಗಿ ಪ್ರತಿಪಾದಿಸಿದರು. ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಬೇಕು. ನವವೈಯಾಕರಣರಿಗೆ ನಿಯಮವು ತತ್ತ್ವವಾಗಿತ್ತು. ವರ್ನರ್‌ನಿಗೆ ಅಪವಾದವು ಪ್ರಶ್ನೆಯಾಗಿತ್ತು. ಅವನು ಯಾವ ಪಂಥವನ್ನೂ ಕಟ್ಟಲಿಲ್ಲ.

6. ಹಾಲೆಯಿಂದ ಕೋಪನ್‌ಹೇಗನ್‌ಗೆ

ಲೇಖನ ಹೊರಬಂದ ಕಾಲದಲ್ಲಿ ವರ್ನರ್ ಪ್ರಾಧ್ಯಾಪಕನಾಗಿರಲಿಲ್ಲ. 1876ರಿಂದ ಅವನು ಜರ್ಮನಿಯ ಹಾಲೆ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದನು. 1877ರಲ್ಲಿ ಬರ್ಲಿನ್ನಿನ ಪ್ರಷ್ಯನ್ ವಿಜ್ಞಾನ ಅಕಾಡೆಮಿ ಬಾಪ್‌ನ ಹೆಸರಿನ ಪುರಸ್ಕಾರವನ್ನು ಅವನಿಗೆ ನೀಡಿತು. ನಿದ್ದೆಗೆಂದು ತೆರೆದ ಪುಸ್ತಕದ ಕರ್ತೃವಿನ ಹೆಸರಿನಲ್ಲಿಯೇ ಗೌರವ ಬಂದದ್ದು ಕಾಕತಾಳೀಯ. 1883ರಲ್ಲಿ ಕೋಪನ್‌ಹೇಗನ್‌ಗೆ ಮರಳಿ ಸ್ಲಾವಿಕ್ ಭಾಷೆಗಳ ಅಧ್ಯಾಪಕನಾದನು; 1888ರಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. ಅದಕ್ಕೆ ಹಿಂದಿನ ವರ್ಷ ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತ್ತು.

ಇಷ್ಟು ಕೀರ್ತಿ ಬಂದ ಮೇಲೂ ಅವನು ಪ್ರಕಟಿಸಿದ್ದು ಅತ್ಯಲ್ಪ. ಇದನ್ನು ಸೋಮಾರಿತನವೆಂದು ಭಾವಿಸುವುದು ಸರಿಯಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದ ಮೇಲೆ ಮಾತಿನ ಧ್ವನಿ ಗೆರೆಯಾಗಿ ಕೊರೆಯಲ್ಪಟ್ಟು ಉಳಿಯತೊಡಗಿತು. ಆ ಗೆರೆಗಳನ್ನು ಹಿಗ್ಗಿಸಿ ಅಳೆಯುವ ಉಪಕರಣವನ್ನು ವರ್ನರ್ ತಾನೇ ರೂಪಿಸಿಕೊಂಡು, ಗಣಿತದ ನೆರವಿನಿಂದ ಸ್ವರಗಳ ಮತ್ತು ಸ್ವರಾಘಾತದ ಸ್ವರೂಪವನ್ನು ಲೆಕ್ಕಹಾಕಲು ವರ್ಷಗಳ ಕಾಲ ಶ್ರಮಿಸಿದನು. ಸಾವಿರಾರು ವರ್ಷಗಳ ಹಿಂದೆ ಅಳಿದ ಸ್ವರಾಘಾತವನ್ನು ವ್ಯಂಜನದಲ್ಲಿ ಕಂಡವನು, ತನ್ನ ಕಾಲದ ಮಾತಿನಲ್ಲಿ ಅದು ಭೌತಿಕವಾಗಿ ಏನೆಂಬುದನ್ನು ತಿಳಿಯಬಯಸಿದ್ದು ಸಹಜವೇ. ಆ ಕೆಲಸದ ಹೆಚ್ಚಿನ ಅಂಶ ಮಿತ್ರರಿಗೆ ಬರೆದ ಪತ್ರಗಳಲ್ಲಿಯೇ ಉಳಿಯಿತು. ಅವಿವಾಹಿತನಾಗಿಯೇ ಬದುಕಿದ ವರ್ನರ್ 1896ರ ನವೆಂಬರ್ 5ರಂದು ಕೋಪನ್‌ಹೇಗನ್‌ನಲ್ಲಿ ತೀರಿಕೊಂಡನು. ಆಗ ಅವನಿಗೆ ಐವತ್ತು ವರ್ಷ. ಅವನ ಲೇಖನಗಳೂ ಪತ್ರಗಳೂ ಒಂದೇ ಸಂಪುಟದಲ್ಲಿ 1903ರಲ್ಲಿ ಪ್ರಕಟವಾದುವು.

7. ಕ್ರಿಯಾಪದದ ಸಂತತಿ

ವರ್ನರ್ ನಿಯಮಕ್ಕೆ ಸಾಕ್ಷಿಯಾದ ಆ ಕ್ರಿಯಾಪದ ಮುಂದೆ ಏನಾಯಿತೆಂಬುದನ್ನೂ ಇಲ್ಲಿ ನೋಡಬೇಕು. ಗಾಥಿಕ್‌ನಲ್ಲಿ ಅದು ‘ವೆರ್ಥನ್’, ಹಳೆಯ ನಾರ್ಸ್‌ನಲ್ಲಿ ‘ವೆರ್ದ’ಕ್ಕೆ ಸಮೀಪದ ರೂಪ, ಪ್ರಾಚೀನ ಹೈ ಜರ್ಮನ್‌ನಲ್ಲಿ ‘ವೆರ್ದನ್’. ಇಂದಿನ ಜರ್ಮನ್‌ನ ‘ವೆರ್ದೆನ್’ ಆಗು ಎಂಬ ಅರ್ಥದ ಜೊತೆಗೆ ಭವಿಷ್ಯತ್ಕಾಲಕ್ಕೂ ಕರ್ಮಣಿ ಪ್ರಯೋಗಕ್ಕೂ ಸಹಾಯಕ ಕ್ರಿಯಾಪದವಾಗಿ ಬೆಳೆದಿದೆ. ಡಚ್ ಭಾಷೆಯ ‘ವೊರ್ದೆನ್’ ಕೂಡ ಜೀವಂತವಾಗಿದೆ. ಆದರೆ ಪ್ರಾಚೀನ ಹೈ ಜರ್ಮನ್‌ನ ‘ವೆರ್ದನ್’, ‘ವುರ್ತುನ್’ ಎಂಬ ಭೇದ ಇಂದಿನ ಜರ್ಮನ್‌ನಲ್ಲಿಲ್ಲ. ಸಾದೃಶ್ಯದ ಬಲದಿಂದ ಎಲ್ಲ ರೂಪಗಳಲ್ಲಿಯೂ ‘ದ್’ ನೆಲೆಗೊಂಡಿದೆ. ಹಳೆಯ ರೂಪಗಳು ಬರಹದಲ್ಲಿ ಉಳಿಯದಿದ್ದರೆ ಸಾಕ್ಷ್ಯವೇ ಇಲ್ಲವಾಗುತ್ತಿತ್ತು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಮಧ್ಯಕಾಲದ ಅಂತ್ಯದ ವೇಳೆಗೆ ಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಅದರ ನೆನಪು ಬೇರೆಡೆ ಉಳಿದಿದೆ. ಹಳೆಯ ಇಂಗ್ಲಿಷಿನ ‘ವ್ಯುರ್ದ್’ ಎಂದರೆ ವಿಧಿ, ಆಗಿಬರುವಂಥದು. ವಿಚಿತ್ರ ಎಂಬ ಅರ್ಥದಲ್ಲಿ ಇಂದು ಬಳಕೆಯಲ್ಲಿರುವ ‘ವಿಯರ್ಡ್’ ಅದರ ವಂಶಜ. ಅಲ್ಲಿಯ ಘೋಷ ವ್ಯಂಜನವೂ ವರ್ನರ್ ನಿಯಮದ ಫಲವೇ. ಕಡೆಗೆ ಎಂಬರ್ಥದ ‘ಟುವರ್ಡ್’ ಪದದ ಉತ್ತರಾರ್ಧವೂ ತಿರುಗು ಎಂಬ ಅದೇ ಮೂಲದ್ದು. ವರ್ನರ್‌ನ ಸ್ವಂತ ಭಾಷೆಯಾದ ಡೇನಿಷ್‌ನಲ್ಲಿ ‘ವೊರ್ದೆ’ ಎಂಬ ರೂಪ ಪ್ರಾಚೀನ ಶೈಲಿಗೆ ಸೀಮಿತವಾಗಿ, ಲೋ ಜರ್ಮನ್ ಮೂಲದ ‘ಬ್ಲೀವೆ’ ಅದರ ಸ್ಥಾನವನ್ನು ಆಕ್ರಮಿಸಿತು. ಅವನು ಕಲಿತ ರಷ್ಯನ್ ಭಾಷೆಯ ‘ವೆರ್ತೆತ್’ ಮಾತ್ರ ತಿರುಗಿಸು ಎಂಬ ಮೊದಲ ಅರ್ಥವನ್ನೇ ಇಟ್ಟುಕೊಂಡು ಬಂದಿದೆ.

8. ಸಮಾರೋಪ

ವರ್ನರ್‌ನ ಜೀವನ ದ್ರಾವಿಡ ಭಾಷಾಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ್ದಲ್ಲ. ಆದರೆ ಅವನಿಂದ ಬಲಗೊಂಡ ವಿಧಾನ ನಮ್ಮಲ್ಲಿಯೂ ಫಲ ನೀಡಿದೆ. ಮೂಲ ದ್ರಾವಿಡದ ಪದಾದಿ ‘ಕ’ಕಾರ ‘ಇ’, ‘ಎ’ ಸ್ವರಗಳ ಮುಂದೆ ತಮಿಳು, ತೆಲುಗುಗಳಲ್ಲಿ ‘ಚ’ಕಾರವಾಗುತ್ತದೆ. ಕನ್ನಡದ ‘ಕಿವಿ’ಗೆ ತಮಿಳಿನಲ್ಲಿ ‘ಚೆವಿ’ ಎಂಬ ರೂಪವಿದೆ. ಆದರೆ ನಮ್ಮ ‘ಕೆಡು’ ತೆಲುಗಿನಲ್ಲಿ ‘ಚೆಡು’ ಆದರೂ ತಮಿಳಿನಲ್ಲಿ ‘ಕೆಡು’ ಎಂದೇ ಉಳಿದಿದೆ. ಇದು ಮೇಲುನೋಟಕ್ಕೆ ಅಪವಾದ. ಮುಂದೆ ಮೂರ್ಧನ್ಯ ವ್ಯಂಜನವಿದ್ದಾಗ ತಮಿಳಿನಲ್ಲಿ ಈ ಬದಲಾವಣೆ ಆಗುವುದಿಲ್ಲ ಎಂದು ತಿಳಿದೊಡನೆ ಅಪವಾದವೇ ನಿಯಮವಾಗುತ್ತದೆ. ಟಿ. ಬರೊ 1943ರಲ್ಲಿ ಪದಾದಿ ‘ಕ’ಕಾರದ ಬೆಳವಣಿಗೆಗಳನ್ನು ಕ್ರಮಬದ್ಧವಾಗಿ ಪರಿಶೀಲಿಸಿದರು.

ಕನ್ನಡದೊಳಗೆ ಇಂತಹ ಪ್ರಶ್ನೆಗಳು ತೀರಿಲ್ಲ. ‘ಪಾಲ್’ ಹಾಲಾಗಿ, ‘ಪುಲಿ’ ಹುಲಿಯಾದ ನುಡಿಯಲ್ಲಿ ‘ಪಡೆ’ ಎಂಬ ಕ್ರಿಯಾಪದ ಎರಡು ರೂಪಗಳಲ್ಲಿ ಬದುಕುತ್ತಿದೆ: ಹೊಂದು ಎಂಬ ಅರ್ಥದಲ್ಲಿ ‘ಪಡೆ’, ಮಗುವಿಗೆ ಜನ್ಮಕೊಡು ಎಂಬ ಅರ್ಥದಲ್ಲಿ ‘ಹಡೆ’. ಈ ಕವಲಿಗೆ ಗ್ರಾಂಥಿಕ ಭಾಷೆಯ ಪ್ರಭಾವ ಕಾರಣವೇ, ಅರ್ಥಭೇದ ಕಾರಣವೇ, ಉಪಭಾಷೆಗಳ ಮಿಶ್ರಣ ಕಾರಣವೇ ಎಂಬುದನ್ನು ಶಾಸನಗಳ ಕಾಲಾನುಕ್ರಮದಲ್ಲಿ ಪದಪದವಾಗಿ ಪರಿಶೀಲಿಸುವುದು ಸಂಶೋಧಕರು ಕೈಗೊಳ್ಳಬಹುದಾದ ಕೆಲಸ. ಇಂತಹ ರೂಪಗಳನ್ನು ವಿಕಲ್ಪವೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗುವ ಅಭ್ಯಾಸ ನಮ್ಮಲ್ಲಿದೆ. 1875ಕ್ಕೆ ಮೊದಲು ಯುರೋಪಿನ ವಿದ್ವಾಂಸರೂ ಹಾಗೆಯೇ ಮಾಡುತ್ತಿದ್ದರು.

ಪ್ರಕಟಣೆಗಳ ಸಂಖ್ಯೆಯಿಂದ ವಿದ್ವತ್ತನ್ನು ಅಳೆಯುವ ಕಾಲದಲ್ಲಿ ವರ್ನರ್‌ನ ಜೀವನವನ್ನು ನೆನೆಯುವುದು ಸಂಶೋಧನೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಅಗತ್ಯ. ಅವನ ಕೀರ್ತಿ ನಿಂತಿರುವುದು ಮುಖ್ಯವಾಗಿ ಒಂದು ಲೇಖನದ ಮೇಲೆ. ಆ ಲೇಖನದ ಹಿಂದೆ ಪರದೇಶದಲ್ಲಿ ಭಾಷೆ ಕಲಿತ ಒಂದು ವರ್ಷವಿದೆ, ತಾಯ್ನುಡಿಯ ಉಚ್ಚಾರಣೆಯನ್ನು ಗಮನವಿಟ್ಟು ಕೇಳಿದ ಶ್ರದ್ಧೆಯಿದೆ, ನಿಯಮಕ್ಕೆ ಹೊಂದದ ಪದವನ್ನು ಕೈಬಿಡದ ಹಟವಿದೆ. ‘ವರ್ತಿಸು’ ಎಂಬ ಪದವನ್ನು ಬರೆಯುವಾಗಲೆಲ್ಲ ಅದರ ದೂರದ ಬಂಧುವೊಂದು ಒಂದು ನಿಯಮಕ್ಕೆ ಸಾಕ್ಷಿ ನುಡಿದ ಈ ಸಂಗತಿ ಕನ್ನಡದ ಅಧ್ಯಾಪಕರ ನೆನಪಿನಲ್ಲಿರುವುದು ಉಚಿತ.